ಹುಳ ಬಿದ್ದ ನೀರು, ಹುಳ ಬಿಟ್ಟ ಕೆರೆ

"ನೀರಲ್ಲಿ ಹುಳ ಬಿದ್ದಿದೆ" ಅಂದರೆ ನಮ್ಮ ಮನೆಗಳಲ್ಲಿ ಒಂದೇ ಅರ್ಥ. ಚೆಲ್ಲು, ತೊಳೆ, ಬೇರೆ ನೀರು ತುಂಬು. ನೀರಿನ ಸಂಪ್‌ಗೆ, ಡ್ರಮ್ಮಿಗೆ ಈ ಮಾತು ಸರಿ. ಕೆರೆಗೆ ಸರಿಯಲ್ಲ. ಕೆರೆಯಲ್ಲಿ ಹುಳ ಇರಲೇಬೇಕು. ಯಾವ ಹುಳ, ಎಷ್ಟು ಬಗೆ ಅನ್ನೋದಷ್ಟೇ ಕೇಳಬೇಕಾದ ಪ್ರಶ್ನೆ. ಒಂದೂ ಹುಳ ಇಲ್ಲದ ಕೆರೆ ಕಂಡರೆ ನನಗಂತೂ ಹೆದರಿಕೆಯಾಗುತ್ತದೆ.

ಒಮ್ಮೆ ತುಮಕೂರು ಕಡೆಯ ಒಂದು ಕೆರೆಯ ದಡದಲ್ಲಿ ಬಿಳಿ ಪ್ಲಾಸ್ಟಿಕ್ ಟ್ರೇ ಇಟ್ಟುಕೊಂಡು ಕೂತಿದ್ದೆ. ಮೀನಿನ ಬಲೆ ಹರವುತ್ತಿದ್ದವರೊಬ್ಬರು ಬಂದು ಬಗ್ಗಿ ನೋಡಿದರು.

"ಏನ್ ಸಾರ್, ಮೀನು ಮರಿನಾ?"

"ಅಲ್ಲಣ್ಣ, ಹುಳ."

"ಹುಳ ಹಿಡ್ಯೋಕೆ ಇಷ್ಟು ದೂರ ಬಂದ್ರಾ!" ಅಂತ ನಕ್ಕರು. ಆಮೇಲೆ ಟ್ರೇಯ ಮೂಲೆಯಲ್ಲಿ ಹೊರಳಾಡುತ್ತಿದ್ದ ಒಂದೇ ಒಂದು ಕೆಂಪು ಹುಳವನ್ನು ತೋರಿಸಿ, "ಇದು ಬೇಕಂದ್ರೆ ಅಲ್ಲಿ ಮೋರಿ ಬಂದು ಬೀಳ್ತದಲ್ಲ, ಅಲ್ಲಿಗೆ ಹೋಗಿ. ಕೈ ಹಾಕಿದ್ರೆ ರಾಶಿ. ಈ ಕೋಡಿ ಕಡೆ ಜಾಸ್ತಿ ಸಿಗಲ್ಲ" ಅಂದರು.

ನೀರಿನ ಹುಳ ನೋಡಿ ನೀರಿನ ಆರೋಗ್ಯ ಹೇಳುವ ವಿದ್ಯೆಯ ತಿರುಳು ಇಷ್ಟೇ. ಅವರು ಅದನ್ನು ಎರಡು ಮಾತಿನಲ್ಲಿ ಮುಗಿಸಿದರು. ಜರ್ಮನಿಯ ಕೋಲ್ಕ್‌ವಿಟ್ಜ್ ಮತ್ತು ಮಾರ್ಸನ್ ಎಂಬ ಇಬ್ಬರು 1902ರಿಂದ ಕೆಲವು ವರ್ಷ ಇದನ್ನೇ ಕ್ರಮವಾಗಿ ಬರೆದಿಟ್ಟರು. ಊರ ಕೊಳಚೆ ನದಿಗೆ ಸೇರುವ ಜಾಗದಲ್ಲಿ ಯಾವ ಜೀವಿ ಇರುತ್ತದೆ, ಕೆಳಗೆ ಹರಿದಂತೆ ನೀರು ತಿಳಿಯಾದಾಗ ಯಾವುದು ಮರಳಿ ಬರುತ್ತದೆ ಅಂತ ಪಟ್ಟಿ ಮಾಡಿದರು. ಇವತ್ತು ಯುರೋಪಿನ ಒಕ್ಕೂಟದಲ್ಲಿ ಇದು ಕಾನೂನಿನ ಭಾಗ. 2000ನೇ ಇಸವಿಯ ನೀರಿನ ಕಾನೂನಿನ ಪ್ರಕಾರ ಅಲ್ಲಿ ನದಿ, ಸರೋವರಗಳ ಸ್ಥಿತಿ ಹೇಳಬೇಕಾದರೆ ತಳದಲ್ಲಿರುವ ಈ ಚಿಕ್ಕ ಜೀವಿಗಳನ್ನೂ ನೋಡಲೇಬೇಕು.

ಲ್ಯಾಬ್ ಇರುವಾಗ ಹುಳ ಯಾಕೆ ಅಂತ ನೀವು ಕೇಳಬಹುದು. ಶುಗರ್ ಇರುವವರ ಮನೆಯಲ್ಲಿ ಇದಕ್ಕೆ ಉತ್ತರ ಸುಲಭವಾಗಿ ಸಿಗುತ್ತದೆ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಮಾಡಿಸುವ ರಕ್ತ ಪರೀಕ್ಷೆಯ ಹಿಂದಿನ ದಿನ ಸ್ವೀಟು ಬಿಟ್ಟರೆ ರಿಪೋರ್ಟು ಚೆನ್ನಾಗಿ ಬರುತ್ತದೆ. ಹಾಗಂತ ಡಾಕ್ಟರು ಬಿಡುವುದಿಲ್ಲ, ಮೂರು ತಿಂಗಳ ಸರಾಸರಿ ಹೇಳುವ ಇನ್ನೊಂದು ಪರೀಕ್ಷೆ ಬರೆಯುತ್ತಾರೆ. ಅದರಲ್ಲಿ ಹಬ್ಬದ ಹೋಳಿಗೆ ಎಲ್ಲಾ ಹೊರಬರುತ್ತದೆ. ಬಾಟಲಿಯಲ್ಲಿ ತುಂಬಿಕೊಂಡು ಹೋದ ಕೆರೆ ನೀರು ಆ ಮೊದಲನೇ ಪರೀಕ್ಷೆಯಂತೆ. ತಿಂಗಳಾನುಗಟ್ಟಲೆ ಅದೇ ನೀರಲ್ಲಿ ಬೆಳೆದ ಹುಳ ಎರಡನೆಯದು.

ಆಮ್ಲಜನಕದ ಲೆಕ್ಕ ನೋಡಿ. ನಮ್ಮಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ದರ್ಜೆಗಳ ಪ್ರಕಾರ ಮೀನು ಮತ್ತು ವನ್ಯಜೀವಿಗೆ ಆಗುವ 'ಡಿ' ದರ್ಜೆ ಬೇಕಾದರೆ ಲೀಟರ್ ನೀರಿನಲ್ಲಿ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ ಕರಗಿರಬೇಕು. ಪಾಚಿ ಕಟ್ಟಿ ಹಸಿರಾದ ಕೆರೆಯಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಅಳೆದರೆ ಅದಕ್ಕಿಂತ ಎಷ್ಟೋ ಜಾಸ್ತಿ ಸಿಗುತ್ತದೆ. ಬಿಸಿಲಲ್ಲಿ ಪಾಚಿ ಆಮ್ಲಜನಕ ಬಿಡುತ್ತಾ ಇರುತ್ತದಲ್ಲ! ಸೂರ್ಯ ಮುಳುಗಿದ ಮೇಲೆ ಆಟ ತಿರುಗುತ್ತದೆ. ಅದೇ ಪಾಚಿ, ತಳದ ಕೊಳೆತ ಕಸ, ಅದನ್ನು ತಿನ್ನುವ ಬ್ಯಾಕ್ಟೀರಿಯಾ ಎಲ್ಲಾ ಸೇರಿ ರಾತ್ರಿಯಿಡೀ ಆಮ್ಲಜನಕ ಎಳೆಯುತ್ತವೆ. ಬೆಳಗಿನ ಜಾವ ಐದಕ್ಕೆ ನೀರಲ್ಲಿ ಉಳಿದಿರುವುದು ಹೆಚ್ಚುಕಮ್ಮಿ ಸೊನ್ನೆ. ಕೆರೆಯಲ್ಲಿ ರಾತ್ರೋರಾತ್ರಿ ಮೀನು ಸತ್ತು ತೇಲುವ ಸುದ್ದಿ ಬರುತ್ತದೆ ನೋಡಿ, ಎಷ್ಟೋ ಸಲ ಕಾರಣ ಇದೇ. ಮಾದರಿ ತೆಗೆಯುವವರು ಬರುವುದು ಆಫೀಸ್ ಟೈಮಿನಲ್ಲಿ. ಹುಳಕ್ಕೆ ಆಫೀಸ್ ಟೈಮ್ ಇಲ್ಲ. ಅದು ಬೆಳಗಿನ ಜಾವವೂ ಅಲ್ಲೇ ಇರಬೇಕು. ತಡೆದುಕೊಂಡರೆ ಬದುಕುತ್ತದೆ, ಇಲ್ಲದಿದ್ದರೆ ಆ ಕೆರೆಯಿಂದಲೇ ಅದರ ಕುಲ ಹೋಗುತ್ತದೆ.

ಮೀನಾದರೆ ಈಜಿಕೊಂಡು ಬೇರೆ ಕಡೆ ಹೋದೀತು. ಕೊಕ್ಕರೆ ಹಾರಿಹೋದೀತು. ಹುಳದ ಮರಿಗೆ ರೆಕ್ಕೆ ಬರುವ ತನಕ ಆ ಹತ್ತು ಅಡಿ ಕೆಸರೇ ಪ್ರಪಂಚ. ಹಾಗಾಗಿ ಅದು ಹೇಳುವ ಸಾಕ್ಷಿ ಆ ಹತ್ತು ಅಡಿಯದ್ದೇ.

ಆದರೆ ಎಲ್ಲಾ ಹುಳವೂ ಒಂದೇ ಸಾಕ್ಷಿ ಹೇಳುವುದಿಲ್ಲ. ಹುಳದ ಹೆಸರಿಗಿಂತ ಮೊದಲು ಅದು ಹೇಗೆ ಉಸಿರಾಡುತ್ತದೆ ಅಂತ ಕೇಳಿಕೊಳ್ಳಬೇಕು. ಇದೊಂದು ಗೊತ್ತಾದರೆ ಅರ್ಧ ವಿದ್ಯೆ ಬಂದ ಹಾಗೆ.

ಕೆಲವಕ್ಕೆ ನೀರಿನ ಆಮ್ಲಜನಕದ ಗೊಡವೆಯೇ ಇಲ್ಲ. ಸೊಳ್ಳೆ ಮರಿ ಬಾಲದ ಕಡೆಯ ಸಣ್ಣ ಕೊಳವೆಯನ್ನು ನೀರಿನ ಮೇಲ್ಮೈಗೆ ತಾಗಿಸಿ ತಲೆಕೆಳಗಾಗಿ ನೇತಾಡುತ್ತದೆ. ಅದು ಎಳೆದುಕೊಳ್ಳುವುದು ನಾವು ಉಸಿರಾಡುವ ಗಾಳಿಯನ್ನೇ. ಚರಂಡಿಯಲ್ಲಿ ಕಾಣುವ, ಇಲಿಬಾಲದಂತೆ ಉದ್ದ ಕೊಳವೆಯ ಒಂದು ಮರಿಯದೂ ಇದೇ ಉಪಾಯ. ಅದು ಬೆಳೆದು ಜೇನುನೊಣದಂತೆ ಕಾಣುವ ಹೂ ನೊಣವಾಗುತ್ತದೆ. ನೀರಿನ ಜೀರುಂಡೆ ರೆಕ್ಕೆಯ ಕೆಳಗೆ ಗಾಳಿಯ ಗುಳ್ಳೆ ಇಟ್ಟುಕೊಂಡು ಮುಳುಗುತ್ತದೆ. ಕಡ್ಡಿಯಂತೆ ಕಾಣುವ ರಾನಾಟ್ರಾ ಬಾಲದ ಉದ್ದ ನಳಿಕೆಯಲ್ಲಿ ಉಸಿರಾಡುತ್ತದೆ. ಇಂಥವು ಟ್ರೇ ತುಂಬ ಸಿಕ್ಕರೂ ನೀರು ಚೆನ್ನಾಗಿದೆ ಅನ್ನಲಾಗದು. ಕೆಟ್ಟಿದೆ ಅಂತಲೂ ಅನ್ನಲಾಗದು.

ಇನ್ನು ಕೆಲವು ನೀರಿನಲ್ಲಿ ಕರಗಿದ ಆಮ್ಲಜನಕವನ್ನೇ ನಂಬಿದವು. ಮೇಫ್ಲೈ ಮರಿಯನ್ನು ಟ್ರೇಯಲ್ಲಿ ನೋಡಿದರೆ ಹೊಟ್ಟೆಯ ಎರಡೂ ಕಡೆ ತೆಳ್ಳಗಿನ ಕಿವಿರುಗಳು ಪಟಪಟ ಬಡಿಯುವುದು ಬರಿಗಣ್ಣಿಗೇ ಕಾಣುತ್ತದೆ. ಏರೋಪ್ಲೇನ್ ಚಿಟ್ಟೆ ಅಂತ ಮಕ್ಕಳು ಕರೆಯುವ ಡ್ರ್ಯಾಗನ್‌ಫ್ಲೈಯ ಮರಿ ಉಸಿರಾಡುವುದು ಹಿಂಭಾಗದಿಂದ. ಕರುಳಿನ ಕೊನೆಯಲ್ಲಿ ಅದಕ್ಕೆ ಕಿವಿರು. ನೀರನ್ನು ಒಳಗೆಳೆದು ಹೊರಬಿಡುತ್ತದೆ. ಗಾಬರಿಯಾದರೆ ಅದೇ ನೀರನ್ನು ಜೋರಾಗಿ ಚಿಮ್ಮಿ ರಾಕೆಟ್ಟಿನಂತೆ ಮುಂದಕ್ಕೆ ನುಗ್ಗುತ್ತದೆ. ಅದರ ತೆಳ್ಳಗಿನ ನೆಂಟ ಡ್ಯಾಮ್ಸೆಲ್‌ಫ್ಲೈ, ಕೂತಾಗ ರೆಕ್ಕೆಗಳನ್ನು ಬೆನ್ನ ಮೇಲೆ ಜೋಡಿಸಿಕೊಳ್ಳುತ್ತದಲ್ಲ, ಅದರ ಮರಿಗೆ ಬಾಲದಲ್ಲಿ ಎಲೆಯಂಥ ಮೂರು ಕಿವಿರು. ಹೊಸಬರು ಇದನ್ನು ಮೇಫ್ಲೈ ಅಂದುಕೊಳ್ಳುವುದು ಸಾಮಾನ್ಯ. ಬಾಲ ಎಲೆಯಂತಿದ್ದರೆ ಡ್ಯಾಮ್ಸೆಲ್‌ಫ್ಲೈ. ದಾರದಂತಿದ್ದು ಪಕ್ಕೆಯಲ್ಲಿ ಕಿವಿರು ಬಡಿಯುತ್ತಿದ್ದರೆ ಮೇಫ್ಲೈ.

ಮೂರನೆಯದು ಆ ಮೋರಿ ಬಾಯಿಯ ಕೆಂಪು ಹುಳ. ಹೆಸರು ಕೈರೋನೋಮಸ್. ಕೆಂಪು ಯಾಕೆ ಗೊತ್ತಾ? ನಮ್ಮ ರಕ್ತದಲ್ಲಿರುವಂಥದೇ ಹಿಮೋಗ್ಲೋಬಿನ್ ಅದರ ಮೈಯಲ್ಲೂ ಇದೆ. ಕೀಟಗಳಲ್ಲಿ ಇದು ಬಹಳ ಅಪರೂಪ. ಆಮ್ಲಜನಕ ತೀರಾ ಕಮ್ಮಿಯಾದ ಕಪ್ಪು ಕೆಸರಿನಲ್ಲೂ ಅದು ಸಿಕ್ಕಷ್ಟನ್ನು ಹಿಡಿದಿಟ್ಟುಕೊಂಡು ಕೊಳವೆ ಕಟ್ಟಿಕೊಂಡು ಬದುಕುತ್ತದೆ. ಬೇರೆಯವರೆಲ್ಲ ಸತ್ತ ಜಾಗದಲ್ಲಿ ಊಟಕ್ಕೆ ಪೈಪೋಟಿ ಇಲ್ಲ, ತಿನ್ನುವವರೂ ಕಮ್ಮಿ. ಅದಕ್ಕೇ ರಾಶಿ. ಸಂಜೆ ಕೆರೆ ದಡದಲ್ಲಿ ವಾಕಿಂಗ್ ಹೋದಾಗ ತಲೆ ಮೇಲೆ ಗುಂಯ್ ಅಂತ ಮೋಡದಂತೆ ಸುತ್ತುವುದು ಬಹಳ ಸಲ ಇದರ ದೊಡ್ಡವರೇ. ನೋಡಲು ಸೊಳ್ಳೆಯಂತೆ, ಆದರೆ ಕಚ್ಚುವುದಿಲ್ಲ. ಈ ಮರಿಗಳ ಬಾಯಿಯ ಹಲ್ಲುಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡುವ ಪರಿಣತರೂ ಇದ್ದಾರೆ. ಭಾರ ಲೋಹ, ಕಾರ್ಖಾನೆಯ ವಿಷ ಸೇರಿದ ಕೆಸರಿನಲ್ಲಿ ಬೆಳೆದ ಮರಿಗಳ ಹಲ್ಲು ವಕ್ರವಾಗುತ್ತದೆ, ಕೆಲವು ಹಲ್ಲು ಹುಟ್ಟುವುದೇ ಇಲ್ಲ.

ಒಂದು ಕೆಂಪು ಹುಳ ಕಂಡ ತಕ್ಷಣ ಕೆರೆ ಹಾಳಾಯಿತು ಅನ್ನಬೇಡಿ. ಒಳ್ಳೆಯ ಕೆರೆಯಲ್ಲೂ ಅದು ಇರುತ್ತದೆ, ನಾಲ್ಕು ಜನರ ನಡುವೆ ಒಬ್ಬನಾಗಿ. ಕೆಟ್ಟ ಕೆರೆಯಲ್ಲಿ ಅದೊಂದೇ ಇರುತ್ತದೆ. ಯಾರು ಇದ್ದಾರೆ ಅನ್ನೋದಕ್ಕಿಂತ ಯಾರು ಇಲ್ಲ ಅನ್ನೋದೇ ಇಲ್ಲಿ ದೊಡ್ಡ ಸುದ್ದಿ.

ಇಷ್ಟನ್ನು ಅಂಕಿಗೆ ಇಳಿಸುವ ದಾರಿ ಹಲವು. ಹೆಚ್ಚು ಹೆಸರಾದದ್ದು ಬ್ರಿಟನ್ನಿನದು. ಅಲ್ಲಿ 1976ರಲ್ಲಿ ಒಂದು ತಜ್ಞರ ಗುಂಪು ಮಾಡಿದರು. 1980ರ ಹೊತ್ತಿಗೆ ಅವರು ಕೊಟ್ಟ ಪದ್ಧತಿಯಲ್ಲಿ ನೀರಿನ ಜೀವಿಗಳ ಪ್ರತಿ ಕುಟುಂಬಕ್ಕೂ 1ರಿಂದ 10ರ ತನಕ ಅಂಕ. ಕೊಳಕು ತಡೆಯದ ನಾಜೂಕಿನವಕ್ಕೆ 10, ಏನಾದರೂ ತಡೆಯುವ ಎರೆಹುಳದ ಜಾತಿಗೆ 1. ಟ್ರೇಯಲ್ಲಿ ಸಿಕ್ಕ ಕುಟುಂಬಗಳ ಅಂಕ ಕೂಡಿಸಿ ಕುಟುಂಬಗಳ ಸಂಖ್ಯೆಯಿಂದ ಭಾಗಿಸಬೇಕು. ಒಂದು ಕುಟುಂಬದ ಹುಳ ಎಷ್ಟು ಸಿಕ್ಕಿತು ಅನ್ನೋದು ಲೆಕ್ಕಕ್ಕಿಲ್ಲ, ಇದೆಯೋ ಇಲ್ಲವೋ ಅಷ್ಟೇ.

ಮಾಡಿ ನೋಡೋಣ. ಟ್ರೇಯಲ್ಲಿ ಎರೆಹುಳದ ಜಾತಿಯದು ಒಂದು (1), ಕೆಂಪು ಹುಳದ ಕುಟುಂಬ (2), ಚಕ್ಕುಲಿಯಂತೆ ಸುತ್ತಿದ ಬಸವನಹುಳು (3), ಬೇಟಿಡೇ ಎಂಬ ಮೇಫ್ಲೈ ಕುಟುಂಬ (4), ಒಂದು ಡ್ಯಾಮ್ಸೆಲ್‌ಫ್ಲೈ ಕುಟುಂಬ (6), ಲಿಬೆಲ್ಲುಲಿಡೇ ಎಂಬ ಡ್ರ್ಯಾಗನ್‌ಫ್ಲೈ ಕುಟುಂಬ (8). ಒಟ್ಟು 24. ಆರರಿಂದ ಭಾಗಿಸಿದರೆ 4. ಸುಮಾರು ನೀರು. ಬಸವನಹುಳು, ಎರೆಹುಳ ಕೀಟಗಳಲ್ಲ ನಿಜ. ಆದರೆ ಲೆಕ್ಕದಲ್ಲಿ ಅವೂ ಸೇರುತ್ತವೆ.

ಈಗ ಒಂದು ತಕರಾರು. ಬ್ರಿಟನ್ನಿನಲ್ಲಿ ಲಿಬೆಲ್ಲುಲಿಡೇ ಕುಟುಂಬಕ್ಕೆ 8 ಕೊಟ್ಟರು, ಅಲ್ಲಿಗೆ ಅದು ಸರಿಯಿರಬಹುದು. ನಮ್ಮಲ್ಲಿ ಅದೇ ಕುಟುಂಬದಲ್ಲಿ ಬ್ರಾಕಿಥೆಮಿಸ್ ಕಂಟಾಮಿನೇಟಾ ಎಂಬ ಕಿತ್ತಳೆ ಬಣ್ಣದ ಚೆಂದದ ಡ್ರ್ಯಾಗನ್‌ಫ್ಲೈ ಇದೆ. ಕೊಳಚೆ ಸೇರಿದ ಕೆರೆಯ ಅಂಚಿನ ಜೊಂಡಿನ ಮೇಲೆ ಹತ್ತಾರು ಕೂತಿರುತ್ತವೆ. ಇಂಗ್ಲಿಷಿನಲ್ಲಿ ಅದನ್ನು ಚರಂಡಿಯ ರತ್ನ ಅಂತಲೇ ಕರೆಯುತ್ತಾರೆ! ಅದಕ್ಕೆ 8 ಅಂಕ ಕೊಟ್ಟರೆ ನಮ್ಮ ಎಷ್ಟೋ ಗಲೀಜು ಕೆರೆಗಳು ಪಾಸಾಗಿಬಿಡುತ್ತವೆ. ಕುಟುಂಬದ ಹೆಸರು ನೋಡಿ ಮನುಷ್ಯನನ್ನು ಅಳೆದ ಹಾಗೆ ಇದು. ದಕ್ಷಿಣ ಆಫ್ರಿಕಾದವರು ಡ್ರ್ಯಾಗನ್‌ಫ್ಲೈಗಳ ಮಟ್ಟಿಗೆ ಈ ತೊಡಕು ಬಿಡಿಸಲು ಪ್ರತಿ ಜಾತಿಗೂ ಬೇರೆಯಾಗಿ 0ಯಿಂದ 9ರ ತನಕ ಅಂಕ ಕೊಟ್ಟಿದ್ದಾರೆ. ಎಷ್ಟು ಅಗಲ ಹರಡಿದೆ, ಎಷ್ಟು ಅಪಾಯದಲ್ಲಿದೆ, ಜಾಗ ಕೆಟ್ಟರೆ ಎಷ್ಟು ತಡೆಯುತ್ತದೆ ಅಂತ ಮೂರು ಪ್ರಶ್ನೆ, ಒಂದೊಂದಕ್ಕೆ ಮೂರು ಅಂಕ.

ನಮ್ಮ ಕೇಂದ್ರ ಮಂಡಳಿಯೂ ಬ್ರಿಟನ್ನಿನ ಪದ್ಧತಿಯನ್ನು ಇಲ್ಲಿಗೆ ತಿದ್ದಿಕೊಂಡಿದೆ. ಅದರಲ್ಲಿ ಅಂಕದ ಜೊತೆಗೆ ವೈವಿಧ್ಯದ ಲೆಕ್ಕವೂ ಇದೆ. ಎರಡನ್ನೂ ಸೇರಿಸಿ ಶುದ್ಧ ನೀರಿನ 'ಎ'ಯಿಂದ ತೀರಾ ಕೆಟ್ಟ 'ಇ' ತನಕ ಐದು ದರ್ಜೆ. ಮೊದಲು ಹೇಳಿದ ಮೀನಿನ 'ಡಿ' ದರ್ಜೆಯ ಪಟ್ಟಿ ಬೇರೆ, ಇದು ಬೇರೆ. ನನಗೆ ಇಷ್ಟವಾದದ್ದು ಆ ವೈವಿಧ್ಯದ ಲೆಕ್ಕ. ಅದಕ್ಕೆ ಒಂದು ಹುಳದ ಹೆಸರೂ ಗೊತ್ತಿರಬೇಕಿಲ್ಲ. ಟ್ರೇಯಿಂದ ಕಣ್ಣುಮುಚ್ಚಿ ಆರಿಸಿದಂತೆ ಒಂದಾದ ಮೇಲೊಂದು ಹುಳ ತೆಗೆದು ಸಾಲಾಗಿ ಇಡುತ್ತಾ ಹೋಗಿ. ಪ್ರತಿ ಹುಳವೂ ತನ್ನ ಹಿಂದಿನದರಂತೆ ಇದೆಯಾ, ಬೇರೆಯಾ? ಬೇರೆಯಾದಾಗಲೆಲ್ಲ ಹೊಸ ಸರಣಿ ಶುರು. ಕೆಂಪು ಐದು, ಸೊಳ್ಳೆ ಮರಿ ಒಂದು, ಮತ್ತೆ ಕೆಂಪು ನಾಲ್ಕು ಬಂತು ಅನ್ನಿ. ಹತ್ತು ಹುಳ, ಮೂರು ಸರಣಿ, ಅಂದರೆ 0.3. ಅದೇ ಮೇಫ್ಲೈ, ಜೀರುಂಡೆ, ಬಸವನಹುಳು, ಡ್ಯಾಮ್ಸೆಲ್‌ಫ್ಲೈ ಅಂತ ಬದಲಾಗುತ್ತಾ ಬಂದು ಒಂದೇ ಒಂದು ಸಲ ಪಕ್ಕಪಕ್ಕ ಒಂದೇ ಬಗೆ ಬಂದರೆ 0.9. ನಿಜವಾಗಿ ಮಾಡುವಾಗ ಹತ್ತು ಸಾಲದು, ಐವತ್ತು ನೂರಾದರೂ ಬೇಕು. ಆರನೇ ಕ್ಲಾಸಿನ ಮಕ್ಕಳು ಇದನ್ನು ಆಟದಂತೆ ಮಾಡುತ್ತಾರೆ.

ಕೆರೆ, ಜೌಗು ಅಂದಾಗ ಇನ್ನೊಂದು ದೊಡ್ಡ ಎಡವಟ್ಟು ಕಾದಿರುತ್ತದೆ. ಈ ಅಂಕಪಟ್ಟಿಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಹರಿಯುವ ನೀರಿಗೆ. ಅಲ್ಲಿ ಮೇಫ್ಲೈ, ಸ್ಟೋನ್‌ಫ್ಲೈ, ಕ್ಯಾಡಿಸ್‌ಫ್ಲೈ ಎಂಬ, ಆಮ್ಲಜನಕ ಹೆಚ್ಚು ಬೇಡುವ ಮೂರು ಬಗೆಯ ಹುಳವೂ ಇದ್ದರೆ ಒಳ್ಳೆಯ ತೊರೆ ಅನ್ನುತ್ತಾರೆ. ಮಲೆನಾಡಿನ ತಣ್ಣನೆಯ ಹಳ್ಳದಲ್ಲಿ ಕಲ್ಲು ಮಗುಚಿ ನೋಡಿ, ಸ್ಟೋನ್‌ಫ್ಲೈ ಮರಿ ಸಿಗುತ್ತದೆ. ಬಯಲುಸೀಮೆಯ ಕೆರೆಯಲ್ಲಿ ಹುಡುಕಿದರೆ? ಕೆರೆ ಕನ್ನಡಿಯಂತೆ ತಿಳಿಯಾಗಿದ್ದರೂ ಸಿಗಲ್ಲ. ನಿಂತ ನೀರು ಬಿಸಿಯಾಗುತ್ತದೆ, ಬಿಸಿ ನೀರು ಆಮ್ಲಜನಕ ಕಮ್ಮಿ ಹಿಡಿಯುತ್ತದೆ. ಸಮುದ್ರ ಮಟ್ಟದಲ್ಲಿ 0 ಡಿಗ್ರಿ ನೀರು ಲೀಟರಿಗೆ ಸುಮಾರು 14.6 ಮಿಲಿಗ್ರಾಂ ಹಿಡಿದರೆ 30 ಡಿಗ್ರಿಯಲ್ಲಿ ಸುಮಾರು 7.5 ಮಾತ್ರ. ಕೆರೆಯಲ್ಲಿ ಸ್ಟೋನ್‌ಫ್ಲೈ ಇಲ್ಲ ಅಂತ ಅಂಕ ಕಳೆಯುವುದು ರಾಗಿ ಹೊಲದಲ್ಲಿ ಏಲಕ್ಕಿ ಬೆಳೆದಿಲ್ಲ ಅಂತ ದೂರಿದಂತೆ. ದಕ್ಷಿಣ ಆಫ್ರಿಕಾದ ಹೆಸರಾದ ನದಿ ಪದ್ಧತಿಯನ್ನು ಜೌಗು ಭೂಮಿಗೆ ಬಳಸಬೇಡಿ ಅಂತ ಅಲ್ಲಿನವರೇ ಹೇಳುತ್ತಾರೆ. ಅಮೆರಿಕದ ಮಿನ್ನೆಸೋಟ ರಾಜ್ಯದವರು ಜೌಗಿಗೇ ಬೇರೆ ಅಳತೆ ಮಾಡಿಕೊಂಡರು. ಸ್ಟೋನ್‌ಫ್ಲೈಯನ್ನು ಕೈಬಿಟ್ಟು ಮೇಫ್ಲೈ, ಕ್ಯಾಡಿಸ್‌ಫ್ಲೈ ಜೊತೆಗೆ ಡ್ರ್ಯಾಗನ್‌ಫ್ಲೈಯನ್ನೂ ಬೆರಳುಗುರಿನಷ್ಟಿರುವ ಕಪ್ಪೆಚಿಪ್ಪನ್ನೂ ಸೇರಿಸಿಕೊಂಡರು.

ಕೆರೆಯನ್ನು ಕೆರೆಯ ಜೊತೆಗೇ ಹೋಲಿಸಬೇಕು. ಅದೂ ಅದೇ ಸೀಮೆಯ, ಅದೇ ಆಳದ, ಕಮ್ಮಿ ಕೆಟ್ಟಿರುವ ಕೆರೆಯ ಜೊತೆ. ನಮ್ಮ ಕೆರೆಗಳೇನು ತಾವಾಗಿ ಹುಟ್ಟಿದವಲ್ಲ, ಏರಿ ಕಟ್ಟಿ ತೂಬಿಟ್ಟು ಮಾಡಿದವು. 'ಯಾರೂ ಮುಟ್ಟದ ಕೆರೆ' ಅಂತ ಬಯಲುಸೀಮೆಯಲ್ಲಿ ಸಿಗುವುದಿಲ್ಲ. ಇದ್ದುದರಲ್ಲಿ ಒಳ್ಳೆಯದನ್ನು ಅಳತೆಗೋಲು ಮಾಡಿಕೊಳ್ಳಬೇಕು.

ಜೊತೆಗೆ ನಮ್ಮ ಕೆರೆಗಳು ಒಣಗುತ್ತವೆ. ಮೇ ತಿಂಗಳಲ್ಲಿ ಕ್ರಿಕೆಟ್ ಆಡುವ ಕೆರೆಯಂಗಳಕ್ಕೆ ಮಳೆ ಬಂದು ನೀರು ನಿಂತ ಹದಿನೈದು ದಿನಕ್ಕೆ ಟ್ರೇ ಹಿಡಿದು ಹೋದರೆ ಏನು ಸಿಕ್ಕೀತು? ಹಾರಿಬಂದ ಜೀರುಂಡೆ, ಸೊಳ್ಳೆ ಮರಿ, ಕೆಂಪು ಹುಳ. ಇದು ಮಾಲಿನ್ಯ ಅಲ್ಲ, ಹೊಸ ಬಾಡಿಗೆದಾರರು ಇನ್ನೂ ಬಂದಿಲ್ಲ ಅಷ್ಟೇ. ಮಳೆಗಾಲ ಮುಗಿದು ನೀರು ಹದಕ್ಕೆ ಬಂದ ಮೇಲೆ, ನವೆಂಬರಿನಿಂದ ಫೆಬ್ರವರಿ ಒಳಗೆ, ಪ್ರತಿ ವರ್ಷ ಅದೇ ಹೊತ್ತಿಗೆ ನೋಡುವುದು ವಾಸಿ.

ಮೀನೂ ಲೆಕ್ಕ ಕೆಡಿಸುತ್ತದೆ. 1928ರಲ್ಲಿ ಸೊಳ್ಳೆ ತಿನ್ನಲೆಂದು ಭಾರತಕ್ಕೆ ತಂದ ಗ್ಯಾಂಬೂಸಿಯಾ ಸೊಳ್ಳೆ ಮರಿಯ ಜೊತೆ ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ. ತಿಲಾಪಿಯಾ ತುಂಬಿದ ಕೆರೆಯಲ್ಲೂ ಹುಳ ಕಮ್ಮಿ. ನೀರು ಚೆನ್ನಾಗಿದ್ದೂ ಟ್ರೇ ಖಾಲಿ ಬಂದರೆ, "ಇಲ್ಲಿ ಯಾವ ಮೀನು ಬಿಟ್ಟಿದ್ದೀರಿ?" ಅಂತ ಕೇಳಿ ನೋಡಿ.

ಹಾರುವ ಡ್ರ್ಯಾಗನ್‌ಫ್ಲೈ ಎಣಿಸಿ ಕೆರೆಗೆ ಸರ್ಟಿಫಿಕೇಟ್ ಕೊಡುವುದೂ ಮೋಸ. ಮುಂಗಾರಿನ ಹಿಂದೆ ಮುಂದೆ ಮೈದಾನದ ಮೇಲೆ ಗುಂಪುಗುಂಪಾಗಿ ಹಾರುವ ಹಳದಿ ಬಣ್ಣದ ಪಾಂಟಾಲಾ ಹಿಂದೂ ಮಹಾಸಾಗರ ದಾಟಿ ಭಾರತದಿಂದ ಆಫ್ರಿಕಾ ತನಕ ಹೋಗುತ್ತದೆ ಅಂತ 2009ರಲ್ಲಿ ಚಾರ್ಲ್ಸ್ ಆ್ಯಂಡರ್ಸನ್ ಎಂಬ ಜೀವವಿಜ್ಞಾನಿ ವಾದಿಸಿದರು. ಅವರು ವರ್ಷಗಟ್ಟಲೆ ಮಾಲ್ಡೀವ್ಸಿನಲ್ಲಿ ಕೂತು ಅವು ಬರುವ ದಿನ ಬರೆದಿಟ್ಟವರು. ಅಂಥ ಪ್ರಯಾಣಿಕ ನಿಮ್ಮ ಕೆರೆಯ ಮೇಲೆ ಹಾರಿದರೆ ಅದು ಅಲ್ಲೇ ಹುಟ್ಟಿತು ಅಂತ ಅಲ್ಲವಲ್ಲ. ಹುಟ್ಟಿದ್ದಕ್ಕೆ ಪುರಾವೆ ಬೇಕಾದರೆ ಜೊಂಡಿನ ಕಡ್ಡಿ ನೋಡಬೇಕು. ಮರಿ ನೀರಿನಿಂದ ಮೇಲೆ ಹತ್ತಿ, ಬೆನ್ನು ಸೀಳಿಕೊಂಡು, ರೆಕ್ಕೆಯೊಂದಿಗೆ ಹೊರಬಂದು ಹಾರಿಹೋದ ಮೇಲೆ ಒಣ ಪೊರೆ ಕಡ್ಡಿಗೆ ಅಂಟಿಕೊಂಡೇ ಇರುತ್ತದೆ. ಆ ಪೊರೆ ಜನನ ಪತ್ರ ಇದ್ದಂತೆ. ಅದನ್ನು ಎಣಿಸಿದರೆ ಯಾವ ಹುಳಕ್ಕೂ ನೋವಿಲ್ಲ.

ಸರೋವರವೊಂದರ ಕಥೆ ಹುಳ ಹೇಳಿದ್ದಕ್ಕೆ ಅಮೆರಿಕ ಕೆನಡಾ ನಡುವಿನ ಈರೀ ಸರೋವರಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅದರ ಪಶ್ಚಿಮ ಭಾಗದ ಕೆಸರಿನಲ್ಲಿ ಹೆಕ್ಸಾಜೀನಿಯಾ ಎಂಬ ದೊಡ್ಡ ಮೇಫ್ಲೈ ಮರಿಗಳು ಬಿಲ ಕೊರೆದು ಬದುಕುತ್ತಿದ್ದವು. ಬೇಸಿಗೆಯಲ್ಲಿ ಒಮ್ಮೆಲೇ ರೆಕ್ಕೆ ಬಂದು ಮೋಡದಂತೆ ಏಳುತ್ತಿದ್ದವು. ದೊಡ್ಡದಾದ ಮೇಫ್ಲೈಗೆ ಊಟ ಮಾಡುವ ಬಾಯಿಯೇ ಇರುವುದಿಲ್ಲ. ಜೋಡಿ ಹುಡುಕಿ, ಮೊಟ್ಟೆ ಇಟ್ಟು, ಒಂದೆರಡು ದಿನದಲ್ಲಿ ಸಾಯುವುದಷ್ಟೇ ಕೆಲಸ. ನಗರಗಳ ಕೊಳಚೆ, ಹೊಲಗಳ ಗೊಬ್ಬರ ಸರೋವರಕ್ಕೆ ಸೇರುತ್ತಲೇ ಇತ್ತು, ಮೇಲ್ನೋಟಕ್ಕೆ ಎಲ್ಲಾ ಸರಿಯಿತ್ತು. 1953ರ ಬೇಸಿಗೆ ಕೊನೆಯಲ್ಲಿ ಕೆಲವು ದಿನ ಗಾಳಿ ಬೀಸಲಿಲ್ಲ, ಸೆಕೆ. ಮೇಲಿನ ಬಿಸಿ ನೀರು ಕೆಳಗಿನ ನೀರಿನ ಜೊತೆ ಬೆರೆಯಲಿಲ್ಲ. ತಳದ ಆಮ್ಲಜನಕ ಖಾಲಿಯಾಯಿತು. ಮರಿಗಳು ರಾಶಿ ರಾಶಿ ಸತ್ತವು. ಆ ಕೆಲವು ದಿನ ತಪ್ಪಿಸಿ ನೀರು ಅಳೆದಿದ್ದರೆ ಏನೂ ತಿಳಿಯುತ್ತಿರಲಿಲ್ಲ. ಆದರೆ ಮುಂದಿನ ವರ್ಷಗಳಲ್ಲಿ ಮೇಫ್ಲೈ ಮೋಡ ಏಳಲಿಲ್ಲ. ಸರೋವರ ಉಳಿಸಲು 1972ರಲ್ಲಿ ಎರಡೂ ದೇಶ ಒಪ್ಪಂದ ಮಾಡಿಕೊಂಡವು, ಕೊಳಚೆಯಲ್ಲಿ ಬರುವ ರಂಜಕ ಕಡಿಮೆ ಮಾಡಿದವು. ಮೇಫ್ಲೈ ಮರಳಿದ್ದು 1990ರ ದಶಕದ ಮೊದಲಲ್ಲಿ, ಹತ್ತಿರ ಹತ್ತಿರ ನಲವತ್ತು ವರ್ಷದ ಮೇಲೆ. ಈಗ ಅವು ಏಳುವ ರಾತ್ರಿ ಹವಾಮಾನದ ರಾಡಾರಿನಲ್ಲಿ ಮಳೆ ಮೋಡದಂತೆ ಕಾಣುತ್ತವೆ.

ಬೆಂಗಳೂರಿಗೆ ಬರೋಣ. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿದ್ದು, ಕೆರೆಗೇ ಬೆಂಕಿ ಬಿದ್ದದ್ದು ಎಲ್ಲರಿಗೂ ನೆನಪಿದೆ. ಅಂಥ ಕಡೆ ಹುಳ ನೋಡಿ ಹೇಳುವುದೇನೂ ಉಳಿದಿರುವುದಿಲ್ಲ, ಮೂಗೇ ಸಾಕು. ಆದರೂ ನೊರೆ ಮತ್ತು ಹುಳದ ನಡುವೆ ಒಂದು ನಂಟಿದೆ. ಉದ್ದ ಕಾಲಿನ ಹುಳವೊಂದು ನೀರಿನ ಮೇಲೆ ಸ್ಕೇಟಿಂಗ್ ಮಾಡಿದಂತೆ ಜಾರುತ್ತದೆ, ನೋಡಿರುತ್ತೀರಿ. ನೀರಿನ ಮೇಲ್ಮೈ ಬಿಗಿದ ಪೊರೆಯಂತೆ ಅದನ್ನು ಹೊರುತ್ತದೆ. ಸೋಪು, ಡಿಟರ್ಜೆಂಟ್ ಸೇರಿದರೆ ಆ ಬಿಗಿ ಸಡಿಲವಾಗುತ್ತದೆ. ಸಾಕಷ್ಟು ಸೇರಿದರೆ ಹುಳ ನಿಲ್ಲಲಾರದೆ ಮುಳುಗುತ್ತದೆ.

ಹುಳ ನಿಜವಾಗಿ ಉಪಯೋಗಕ್ಕೆ ಬರುವುದು ಕಣ್ಣಿಗೆ ಚೆನ್ನಾಗಿ ಕಾಣುವ ಕೆರೆಗಳಲ್ಲಿ. 'ಅಭಿವೃದ್ಧಿ' ಆದ ಕೆರೆ ಅನ್ನುತ್ತಾರಲ್ಲ, ಅವು. ಹೂಳು ತೆಗೆದು ಬಟ್ಟಲಿನಂತೆ ಆಳ ಮಾಡುತ್ತಾರೆ. ಸುತ್ತ ಕಲ್ಲು ಕಟ್ಟುತ್ತಾರೆ, ಜೊಂಡು ಕಿತ್ತು ಕ್ಲೀನ್ ಮಾಡುತ್ತಾರೆ, ವಾಕಿಂಗ್ ಪಾಥ್ ಹಾಕಿ ದೀಪ ಇಡುತ್ತಾರೆ. ಕೊಳಚೆ ಪೈಪು ತಿರುಗಿಸಿದ್ದರೆ ನೀರಿನ ರಿಪೋರ್ಟು ಮೊದಲಿಗಿಂತ ಚೆನ್ನಾಗಿ ಬರುತ್ತದೆ. ಟ್ರೇ ಮಾತ್ರ ಬರಿದು. ಯಾಕೆಂದರೆ ಹುಳದ ಕೆರೆ ಅಂದರೆ ನಡುವಿನ ಆಳ ಅಲ್ಲ. ಮೊಣಕಾಲುದ್ದದ ಅಂಚು, ಅಲ್ಲಿನ ಜೊಂಡು, ಕೊಳೆತ ಎಲೆ, ಎಮ್ಮೆ ತುಳಿದ ಕೆಸರು, ಇದೇ ಅದರ ಊರು. ಡ್ರ್ಯಾಗನ್‌ಫ್ಲೈ ಮರಿ ಹತ್ತಲು ಕಡ್ಡಿಯೇ ಇಲ್ಲದ ಮೇಲೆ ನೀರು ಎಷ್ಟು ಶುದ್ಧವಿದ್ದು ಏನು ಮಾಡೀತು? ನನ್ನ ಕೇಳಿದರೆ ಕೆರೆ ಅಭಿವೃದ್ಧಿಯ ಬಿಲ್ ಪಾಸು ಮಾಡುವ ಮೊದಲು ಒಂದು ಟ್ರೇ ಹುಳ ತೋರಿಸಿ ಅನ್ನಬೇಕು.

ಕೆರೆ ಪಕ್ಕದ ಡಾಂಬರಿನ ಕಥೆಯೂ ಇದೆ. ನೀರಿನ ಹುಳಗಳು ಮೇಲಿನಿಂದ ನೀರನ್ನು ಗುರುತಿಸುವುದು ಅದರ ಮೇಲಿಂದ ಪ್ರತಿಫಲಿಸುವ ಒಂದು ಬಗೆಯ ಬೆಳಕಿನಿಂದ. ಒಣ ಡಾಂಬರು ರಸ್ತೆಯೂ ಹಾಗೇ ಹೊಳೆಯುತ್ತದೆ. ಹಂಗೇರಿಯ ವಿಜ್ಞಾನಿಗಳು 1998ರಲ್ಲಿ ಮೇಫ್ಲೈಗಳು ತೊರೆಯ ಪಕ್ಕದ ರಸ್ತೆಯ ಮೇಲೇ ಮೊಟ್ಟೆ ಇಡುವುದನ್ನು ವಿವರಿಸಿದರು.

ನೀವೇ ನೋಡಬೇಕು ಅಂತ ಆಸೆಯಾದರೆ ದೊಡ್ಡ ಸಾಮಾನು ಬೇಡ. ಸಂಶೋಧಕರು ಅರ್ಧ ಮಿಲಿಮೀಟರ್ ಕಣ್ಣಿನ ಕೈಬಲೆ ಬಳಸುತ್ತಾರೆ. ನಮಗೆ ಉದ್ದ ಕೋಲಿಗೆ ಕಟ್ಟಿದ ಹಿಟ್ಟಿನ ಜರಡಿ ಸಾಕು. ಬಿಳಿ ಟ್ರೇ ಅಥವಾ ಹಳೆ ಐಸ್‌ಕ್ರೀಮ್ ಡಬ್ಬ, ಒಂದು ಚಮಚ, ಒಂದು ಭೂತಗನ್ನಡಿ. ಮೋರಿ ಬಾಯಿ, ಜೊಂಡಿನ ಅಂಚು, ಕೋಡಿ, ಮೂರೂ ಕಡೆ ಅಷ್ಟೇ ಹೊತ್ತು ಜರಡಿ ಆಡಿಸಿ. ಒಂದೇ ಜಾಗ ನೋಡಿ ಇಡೀ ಕೆರೆಗೆ ತೀರ್ಪು ಕೊಡಬೇಡಿ. ಟ್ರೇಯಲ್ಲಿ ಎರಡು ನಿಮಿಷ ಕೆಸರು ತಳಕ್ಕಿಳಿಯಲು ಬಿಡಿ. ಮೊದಲು ಏನೂ ಇಲ್ಲ ಅನಿಸುತ್ತದೆ. ಆಮೇಲೆ ಕಸ ಅಂದುಕೊಂಡಿದ್ದೆಲ್ಲ ನಡೆಯಲು ಶುರು ಮಾಡುತ್ತದೆ. ಕೊಳಚೆ ಸೇರುವ ಕಡೆ ಬೂಟು, ಗ್ಲೌಸು ಇರಲಿ. ಕಾಲಲ್ಲಿ ಗಾಯ ಇದ್ದರೆ ಇಳಿಯಲೇಬೇಡಿ, ಇಲಿ ಜ್ವರದ ಭಯ. ಅಂಗಾತ ಈಜುವ ಹುಳ, ಚಪ್ಪಟೆ ಮೈಯ ದೊಡ್ಡ ತಿಗಣೆ ಜಾತಿಯವು ಚುಚ್ಚುತ್ತವೆ, ಚಮಚದಲ್ಲೇ ಎತ್ತಿ.

ಎಣಿಸಿ, ಫೋಟೊ ತೆಗೆದು, ದಿನಾಂಕ ಬರೆದು, ಎಲ್ಲವನ್ನೂ ತೆಗೆದ ಜಾಗಕ್ಕೇ ಬಿಡಿ. ಆ ಚಪ್ಪಟೆ ಹುಳಗಳಲ್ಲಿ ಒಂದರ ಬೆನ್ನ ಮೇಲೆ ಅಕ್ಕಿಕಾಳು ನಿಲ್ಲಿಸಿ ಅಂಟಿಸಿದಂತೆ ಸಾಲು ಸಾಲು ಮೊಟ್ಟೆ ಕಂಡರೆ ಅದನ್ನು ಮೊದಲು ಬಿಡಿ. ಅದು ಅಪ್ಪ. ಅಮ್ಮ ಬೆನ್ನ ಮೇಲೆ ಮೊಟ್ಟೆ ಅಂಟಿಸಿ ಹೋಗಿರುತ್ತಾಳೆ. ಅವು ಒಡೆದು ಮರಿಯಾಗುವ ತನಕ ಅವನು ಆಗಾಗ ಮೇಲೆ ಬಂದು ಮೊಟ್ಟೆಗಳಿಗೆ ಗಾಳಿ ತಾಗಿಸುತ್ತಿರಬೇಕು. ಟ್ರೇ ಬಿಸಿಲಲ್ಲಿ ಬೇಗ ಕಾಯುತ್ತದೆ.